ಫೀಸು ಕೊಡುವ ಡೆಟ್ ಪ್ಲ್ಯಾನ್ ಬಿಟ್ಟು ಉಚಿತ ಪ್ಲ್ಯಾನ್‌ಗೆ ಬರುವುದು ಹೇಗೆ? ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಸಮಗ್ರ ಮಾರ್ಗದರ್ಶಿ

"ಅಕ್ಕಾ, 14 ತಿಂಗಳಿಂದ ಕಟ್ತಾ ಇದೀನಿ. ಸಾಲ ಇಳೀತಿರೋ ಹಾಗೇ ಕಾಣ್ತಿಲ್ಲ."

ರೆಡಿಂಗ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಒಂದು ಭಾನುವಾರ ಫೋನ್ ಮಾಡಿ ಇಷ್ಟು ಹೇಳಿ ಸುಮ್ಮನಾದ. ಅವನಿಗೆ ಸಾಲ ಇದೆ ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಸಂಜೆ ಅವನ ಅಡುಗೆಮನೆಯ ಮೇಜಿನ ಮೇಲೆ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆವು. ಕೆಲಸ ಹೋದ ಸಮಯದಲ್ಲಿ ಎರಡು ಕ್ರೆಡಿಟ್ ಕಾರ್ಡು, ಒಂದು ಓವರ್‌ಡ್ರಾಫ್ಟ್, ಎರಡು ಪರ್ಸನಲ್ ಲೋನು ಸೇರಿ 12,000 ಪೌಂಡ್ ಆಗಿತ್ತು. ಫೋನ್ ಮಾಡಿದ ಒಂದು ಕಂಪನಿ "ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ" ಎಂದಿತ್ತು. ತಿಂಗಳು ತಿಂಗಳು ಅವರಿಗೆ ಕಟ್ಟಿದರೆ, ಅವರು ಅದನ್ನು ಸಾಲ ಕೊಟ್ಟವರಿಗೆ ಹಂಚುವ ಪ್ಲ್ಯಾನ್ ಅದು. ಇವನು ಒಪ್ಪಿಕೊಂಡಿದ್ದ.

ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಒಂದು ಕಾಲಂನಲ್ಲಿ ಇವನು ಕಟ್ಟಿದ್ದು, 200. ಪಕ್ಕದ ಕಾಲಂನಲ್ಲಿ ಸಾಲ ಕೊಟ್ಟವರಿಗೆ ಹೋದದ್ದು, 165. ನಡುವಿನ 35 ಪೌಂಡ್ ತಿಂಗಳ ಫೀಸು. ಮೊದಲ ಎರಡು ತಿಂಗಳಂತೂ ತಲಾ 100 ಪೌಂಡ್ ಫೀಸಿಗೇ ಹೋಗಿತ್ತು. ಬೆರಳು ಮಡಚಿ ಲೆಕ್ಕ ಹಾಕಿದೆವು. 14 ತಿಂಗಳಲ್ಲಿ ಕಟ್ಟಿದ್ದು 2,800. ಅದರಲ್ಲಿ ಫೀಸು 620. ಸಾಲಕ್ಕೆ ಸೇರಿದ್ದು 2,180. ಇನ್ನೂ 9,820 ಬಾಕಿ. ತಿಂಗಳಿಗೆ 165ರಂತೆ ತೀರಿಸಲು ಇನ್ನೂ 60 ತಿಂಗಳು ಬೇಕು. ಅದೇ 200 ಪೌಂಡ್ ಪೂರ್ತಿ ಸಾಲಕ್ಕೇ ಹೋದರೆ 50 ತಿಂಗಳು ಸಾಕು. ಅಂದರೆ ಮುಂದಿನ ವರ್ಷಗಳಲ್ಲಿ ಫೀಸಿಗೆ ಹೋಗಲಿದ್ದ ದುಡ್ಡು 2,000 ಪೌಂಡಿಗಿಂತ ಜಾಸ್ತಿ.

ಅವನು ಕೇಳಿದ್ದು ಒಂದೇ ಪ್ರಶ್ನೆ: "ಇದೇ ಕೆಲಸ ಪುಕ್ಕಟೆ ಮಾಡಿಕೊಡ್ತಾರಾ?" ಹೌದು, ಮಾಡಿಕೊಡುತ್ತಾರೆ. ಇದೇ ಪರಿಸ್ಥಿತಿಯಲ್ಲಿರುವ ಬೇರೆಯವರಿಗೂ ಅನುಕೂಲ ಆಗಲಿ ಅಂತ, ಅವನನ್ನು ಹೊರಗೆ ತಂದ ದಾರಿಯನ್ನು ಹಂತಹಂತವಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿದ ಸಿಟ್ಟಿನಲ್ಲಿ ಇವತ್ತೇ ಹಳೆಯ ಪ್ಲ್ಯಾನ್ ನಿಲ್ಲಿಸಬೇಡಿ. ಹೊಸದು ಕೈಗೆ ಬಂದ ಮೇಲೆ ಹಳೆಯದನ್ನು ಬಿಡಿ. ಈ ಕೆಲಸದಲ್ಲಿ ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಉಚಿತ ಅಂದರೆ ನಿಜವಾಗಿಯೂ ಉಚಿತವೇ?

ಡೆಟ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್, ಅಂದರೆ ಡಿಎಂಪಿ, ಕಾನೂನಿನ ಕಟ್ಟುಪಾಡಲ್ಲ, ಒಂದು ಒಪ್ಪಂದ ಅಷ್ಟೇ. ನೀವು ತಿಂಗಳಿಗೆ ಒಂದು ಮೊತ್ತ ಕಟ್ಟುತ್ತೀರಿ, ನಡುವಿನವರು ಅದನ್ನು ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಈ ಕೆಲಸವನ್ನು ಸ್ಟೆಪ್‌ಚೇಂಜ್ ಮತ್ತು ಪೇಪ್ಲ್ಯಾನ್ ನಿಮ್ಮಿಂದ ಒಂದು ಪೆನ್ನಿಯೂ ತೆಗೆದುಕೊಳ್ಳದೆ ಮಾಡುತ್ತವೆ. ಸ್ಟೆಪ್‌ಚೇಂಜ್ ಲೀಡ್ಸ್‌ನ ದತ್ತಿ ಸಂಸ್ಥೆ. 2012ರವರೆಗೆ ಅದರ ಹೆಸರು ಕನ್ಸ್ಯೂಮರ್ ಕ್ರೆಡಿಟ್ ಕೌನ್ಸೆಲಿಂಗ್ ಸರ್ವೀಸ್ ಎಂದಿತ್ತು. ಪೇಪ್ಲ್ಯಾನ್ ಗ್ರ್ಯಾಂಥಮ್‌ನ ಕಂಪನಿ.

ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಸಾಲ ಕೊಟ್ಟ ಬ್ಯಾಂಕುಗಳೇ, ತಮಗೆ ವಾಪಸ್ ಬಂದ ಹಣದಲ್ಲಿ ಒಂದು ಪಾಲನ್ನು ಇವರಿಗೆ ಕೊಡುತ್ತವೆ. ಇದಕ್ಕೆ ಫೇರ್ ಶೇರ್ ಎನ್ನುತ್ತಾರೆ. ನೀವು ಕಟ್ಟಿದ 200 ಪೌಂಡ್ ನಿಮ್ಮ ಸಾಲದಲ್ಲಿ ಪೂರ್ತಿ 200 ಆಗಿಯೇ ಇಳಿಯುತ್ತದೆ.

ಇನ್ನೂ ಕೆಲವರಿದ್ದಾರೆ. ನ್ಯಾಷನಲ್ ಡೆಟ್‌ಲೈನ್ ಫೋನಿನಲ್ಲಿ ಬಹಳ ಚೆನ್ನಾಗಿ ಸಲಹೆ ಕೊಡುತ್ತದೆ, ಆದರೆ ಪ್ಲ್ಯಾನನ್ನು ತಾನೇ ನಡೆಸುವುದಿಲ್ಲ. ಎದುರಿಗೆ ಕೂತು ಮಾತಾಡಬೇಕು ಅನ್ನುವವರಿಗೆ ಸಿಟಿಜನ್ಸ್ ಅಡ್ವೈಸ್ ಇದೆ. ಬ್ರ್ಯಾಡ್‌ಫರ್ಡ್‌ನಲ್ಲಿ 1996ರಲ್ಲಿ ಶುರುವಾದ ಕ್ರಿಶ್ಚಿಯನ್ಸ್ ಅಗೇನ್ಸ್ಟ್ ಪಾವರ್ಟಿ ಯಾವ ಧರ್ಮದವರಿಗಾದರೂ ಸಹಾಯ ಮಾಡುತ್ತದೆ.

ಒಂದು ಎಚ್ಚರಿಕೆ. ಈ ಹೆಸರುಗಳನ್ನು ನೆಟ್‌ನಲ್ಲಿ ಹುಡುಕಿದರೆ ಮೇಲುಗಡೆ ಜಾಹೀರಾತುಗಳು ಬರುತ್ತವೆ. ಅವುಗಳಲ್ಲಿ ಕೆಲವು ದತ್ತಿ ಸಂಸ್ಥೆಯ ಹೆಸರನ್ನೇ ಹೋಲುತ್ತವೆ. ಒತ್ತಿದರೆ ಇನ್ಯಾವುದೋ ಕಂಪನಿಗೆ ನಿಮ್ಮ ನಂಬರ್ ಹೋಗುತ್ತದೆ. ಅದಕ್ಕೇ ನೇರವಾಗಿ ಫೋನ್ ಮಾಡಿ. ಸ್ಟೆಪ್‌ಚೇಂಜ್ 0800 138 1111. ನ್ಯಾಷನಲ್ ಡೆಟ್‌ಲೈನ್ 0808 808 4000. ಸರ್ಕಾರದ ಬೆಂಬಲವಿರುವ ಮನಿಹೆಲ್ಪರ್ 0800 138 7777. ಈ ಮೂರೂ ಕರೆಗಳಿಗೆ ದುಡ್ಡಿಲ್ಲ.

ಹೆಜ್ಜೆ 1: ನಿಮ್ಮದು ಡಿಎಂಪಿಯೇ ಅಂತ ಖಾತ್ರಿ ಮಾಡಿಕೊಳ್ಳಿ

ಇದನ್ನು ದಾಟಿಸಿ ಮುಂದೆ ಹೋಗಬೇಡಿ. ಕೆಲವರು ಡಿಎಂಪಿ ಅಂದುಕೊಂಡಿರುತ್ತಾರೆ, ಸಹಿ ಹಾಕಿದ್ದು ಐವಿಎಗೆ ಆಗಿರುತ್ತದೆ. ಐವಿಎ, ಅಂದರೆ ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್, ಕಾನೂನಿನ ಒಪ್ಪಂದ. ಸಾಮಾನ್ಯವಾಗಿ 5ರಿಂದ 6 ವರ್ಷ ನಡೆಯುತ್ತದೆ. ಅದರಿಂದ ಸುಮ್ನೆ ಎದ್ದು ಬರಲು ಆಗುವುದಿಲ್ಲ, ಕಂತು ನಿಲ್ಲಿಸಿದರೆ ವಿಷಯ ದಿವಾಳಿ ಅರ್ಜಿಯವರೆಗೂ ಹೋಗಬಹುದು. ಸ್ಕಾಟ್ಲೆಂಡ್‌ನಲ್ಲಿ ಟ್ರಸ್ಟ್ ಡೀಡ್ ಕೂಡ ಹೀಗೆಯೇ.

ಕಾಗದದ ಮೇಲೆ ಏನಿದೆ ಓದಿ. ಅನುಮಾನ ಬಂದರೆ ಸರ್ಕಾರದ ಇನ್ಸಾಲ್ವೆನ್ಸಿ ರಿಜಿಸ್ಟರ್‌ನಲ್ಲಿ (ದಿವಾಳಿ, ಐವಿಎ ಥರದವರ ಪಟ್ಟಿ) ನಿಮ್ಮ ಹೆಸರು ಹುಡುಕಿ, ಅದು ಉಚಿತ. ಇಂಗ್ಲೆಂಡ್, ವೇಲ್ಸ್‌ನ ಐವಿಎ ಅಲ್ಲಿ ಕಾಣುತ್ತದೆ, ಡಿಎಂಪಿ ಕಾಣುವುದಿಲ್ಲ. ನಿಮ್ಮದು ಐವಿಎ ಅಥವಾ ಟ್ರಸ್ಟ್ ಡೀಡ್ ಆಗಿದ್ದರೆ ಮುಂದಿನ ಹೆಜ್ಜೆಗಳು ನಿಮಗಲ್ಲ. ಏನನ್ನೂ ನಿಲ್ಲಿಸದೆ ಮೇಲಿನ ನಂಬರ್‌ಗಳಲ್ಲಿ ಒಂದಕ್ಕೆ ಫೋನ್ ಮಾಡಿ.

ಹೆಜ್ಜೆ 2: ನಿಜವಾದ ಬಾಕಿ ಎಷ್ಟು ಅಂತ ಸಾಲ ಕೊಟ್ಟವರನ್ನೇ ಕೇಳಿ

ಕಂಪನಿಯ ಸ್ಟೇಟ್‌ಮೆಂಟ್ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಒಂದೊಂದು ಸಾಲಕ್ಕೆ ಒಂದೊಂದು ಪುಟ. ಪ್ರತಿಯೊಬ್ಬರಿಗೂ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಬಾಕಿ ಎಷ್ಟು? ಬಡ್ಡಿ ನಿಲ್ಲಿಸಿದ್ದೀರಾ? ಕೊನೆಯ ಕಂತು ಯಾವ ತಾರೀಕಿಗೆ, ಎಷ್ಟು ಬಂತು? ಸಾಲ ಈಗಲೂ ನಿಮ್ಮ ಹತ್ತಿರವೇ ಇದೆಯಾ, ಮಾರಿಬಿಟ್ಟಿದ್ದೀರಾ?

ಕೊನೆಯ ಪ್ರಶ್ನೆ ಮುಖ್ಯ. ಇಲ್ಲಿ ಬ್ಯಾಂಕುಗಳು ಹಳೆಯ ಸಾಲವನ್ನು ವಸೂಲಿ ಕಂಪನಿಗಳಿಗೆ ಮಾರುವುದು ಮಾಮೂಲು. ಆಗ ರೆಫರೆನ್ಸ್ ನಂಬರ್ ಬದಲಾಗುತ್ತದೆ. ನನ್ನ ತಮ್ಮನ ಒಂದು ಕಾರ್ಡಿನ ಸಾಲ ಆರು ತಿಂಗಳ ಹಿಂದೆಯೇ ಕೈ ಬದಲಾಯಿಸಿತ್ತು. ಅದರ ಪತ್ರ ಬಂದಿತ್ತು, ಅವನು ಒಡೆದಿರಲಿಲ್ಲ. ಫ್ರಿಜ್ ಮೇಲೆ ಒಡೆಯದ ಲಕೋಟೆಗಳ ಒಂದು ಕಟ್ಟೇ ಇತ್ತು. ಅವತ್ತು ರಾತ್ರಿ ಒಂದೊಂದಾಗಿ ಒಡೆದು, ತಾರೀಕಿನ ಪ್ರಕಾರ ಜೋಡಿಸಿದೆವು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕಟ್ಟು ಇದ್ದರೆ ಒಬ್ಬರೇ ಒಡೆಯಬೇಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಯಾವುದಾದರೂ ಸಾಲ ಮರೆತುಹೋಗಿದೆಯಾ ನೋಡಲು ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರರಿಂದಲೂ ಕ್ರೆಡಿಟ್ ರಿಪೋರ್ಟ್ ತೆಗೆಸಿ. ಕಾನೂನಿನ ಪ್ರಕಾರ ಕೊಡಬೇಕಾದ ರಿಪೋರ್ಟ್‌ಗೆ ದುಡ್ಡಿಲ್ಲ.

ಹೆಜ್ಜೆ 3: ಮನೆಖರ್ಚಿನ ಲೆಕ್ಕ, ಮುಚ್ಚುಮರೆ ಇಲ್ಲದೆ

ಉಚಿತ ಸಲಹೆಗಾರರು ಕೇಳುವ ಲೆಕ್ಕದ ನಮೂನೆಗೆ ಸ್ಟ್ಯಾಂಡರ್ಡ್ ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ಎಂದು ಹೆಸರು. 2017ರಿಂದ ಬಳಕೆಯಲ್ಲಿದೆ. ಸಾಲ ಕೊಟ್ಟವರೂ ಇದನ್ನು ಒಪ್ಪುವುದರಿಂದ ಒಂದು ಸಲ ಸರಿಯಾಗಿ ತುಂಬಿದರೆ ಎಲ್ಲ ಕಡೆಗೂ ಸಾಕಾಗುತ್ತದೆ.

ಬಾಡಿಗೆ ಅಥವಾ ಮಾರ್ಟ್‌ಗೇಜ್, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು, ಟಿವಿ ಲೈಸೆನ್ಸು, ಕೋರ್ಟಿನ ದಂಡ ಇವು ಮೊದಲು. ಇವನ್ನು ತಪ್ಪಿಸಿದರೆ ಮನೆ ಹೋಗಬಹುದು, ವಸೂಲಿಗೆ ಮನೆ ಬಾಗಿಲಿಗೆ ಬರುವ ಅಧಿಕಾರಿ, ಅಂದರೆ ಬೇಲಿಫ್, ಬರಬಹುದು. ಕ್ರೆಡಿಟ್ ಕಾರ್ಡಿನವನು ಎಷ್ಟೇ ಫೋನ್ ಮಾಡಿದರೂ ಅವನ ಸರದಿ ಇವುಗಳಾದ ಮೇಲೆ.

ನಮ್ಮವರು ಎರಡು ಕಡೆ ತಪ್ಪುತ್ತಾರೆ. ಒಂದು, ಊಟದ ಖರ್ಚನ್ನು ತೀರಾ ಕಮ್ಮಿ ಬರೆಯುವುದು. ಮರ್ಯಾದೆಗೆ ಅಂಜಿ 250 ಬೇಕಾದ ಕಡೆ 120 ಬರೆದರೆ ಮೂರನೇ ತಿಂಗಳಿಗೆ ಪ್ಲ್ಯಾನ್ ಮುರಿಯುತ್ತದೆ. ಎರಡು, ಊರಿಗೆ ಕಳಿಸುವ ದುಡ್ಡನ್ನು ಬಚ್ಚಿಡುವುದು. ಅಪ್ಪ ಅಮ್ಮನ ಔಷಧಿಗೆ ತಿಂಗಳಿಗೆ 80 ಪೌಂಡ್ ಕಳಿಸುತ್ತಿದ್ದರೆ ಅದನ್ನು ಹೇಳಿ. ಊರಿನ ಬ್ಯಾಂಕಿನ ಎಜುಕೇಷನ್ ಲೋನಿನ ಕಂತು ಇದ್ದರೆ ಅದನ್ನೂ ಹೇಳಿ. ಅದೆಲ್ಲ ಲೆಕ್ಕದಲ್ಲಿ ಎಷ್ಟು ಕೂರುತ್ತದೆ ಅನ್ನುವುದನ್ನು ಸಲಹೆಗಾರರು ನೋಡುತ್ತಾರೆ. ಹೇಳದೆ ಇದ್ದರೆ ಮಾತ್ರ ಆ ದುಡ್ಡು ಪ್ರತಿ ತಿಂಗಳೂ ಎಲ್ಲಿಂದಲೋ ಬರಬೇಕಾಗುತ್ತದೆ, ಬಹಳ ಸಲ ಹೊಸ ಸಾಲದಿಂದ. ಕಾರಿನ ಎಂಒಟಿ, ಮಕ್ಕಳ ಯೂನಿಫಾರಂ ಥರ ವರ್ಷಕ್ಕೊಮ್ಮೆ ಬರುವ ಖರ್ಚನ್ನು 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ.

ಹೆಜ್ಜೆ 4: ಉಚಿತ ಸಂಸ್ಥೆಯ ಜೊತೆ ಮಾತಾಡಿ

ಫೋನಿನಲ್ಲಿ ಅಥವಾ ಅವರ ವೆಬ್‌ಸೈಟಿನಲ್ಲಿ, ಎರಡೂ ಆಗುತ್ತದೆ. ಶುರುವಿನಲ್ಲೇ ಹೇಳಿ: "ನಾನು ಈಗಾಗಲೇ ಫೀಸು ತೆಗೆದುಕೊಳ್ಳುವ ಕಂಪನಿಯ ಡಿಎಂಪಿಯಲ್ಲಿದ್ದೇನೆ, ನಿಮ್ಮಲ್ಲಿಗೆ ಬರಬೇಕು." ಅವರಿಗೆ ಇದು ದಿನನಿತ್ಯದ ಕೆಲಸ. ಯಾಕೆ ಸಾಲ ಮಾಡಿದಿರಿ ಅಂತ ಯಾರೂ ಬೈಯುವುದಿಲ್ಲ.

ಅವರು ಡಿಎಂಪಿಗಿಂತ ಬೇರೆ ದಾರಿ ಹೇಳಿದರೆ ಗಾಬರಿ ಬೇಡ, ಗಮನವಿಟ್ಟು ಕೇಳಿ. ಫೀಸಿನ ಕಂಪನಿ ಇದನ್ನು ನಿಮಗೆ ಹೇಳದೆಯೂ ಇದ್ದಿರಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಡೆಟ್ ರಿಲೀಫ್ ಆರ್ಡರ್ ಇದೆ. ಸಾಲ 50,000 ಪೌಂಡ್ ಒಳಗಿದ್ದು, ಖರ್ಚು ಕಳೆದು ತಿಂಗಳಿಗೆ 75 ಪೌಂಡ್‌ಗಿಂತ ಹೆಚ್ಚು ಉಳಿಯದಿದ್ದರೆ, ಆಸ್ತಿಯೂ ಬಹಳ ಇಲ್ಲದಿದ್ದರೆ ಅದು ಸಿಗಬಹುದು. ಸಾಮಾನ್ಯವಾಗಿ ಒಂದು ವರ್ಷದಲ್ಲಿ ಅದರಲ್ಲಿ ಸೇರಿಸಿದ ಸಾಲ ಮನ್ನಾ ಆಗುತ್ತದೆ. ಅದಕ್ಕಿದ್ದ 90 ಪೌಂಡ್ ಶುಲ್ಕವನ್ನು 2024ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ತಿಂಗಳಿಗೆ 60 ಪೌಂಡ್ ಕಟ್ಟುತ್ತಾ ಹತ್ತು ವರ್ಷ ಡಿಎಂಪಿಯಲ್ಲಿ ಕೂರುವವರಿಗೆ ಇದು ಎಷ್ಟೋ ಮೇಲು. ಆದರೆ ಇದು ಕಾನೂನಿನ ಕ್ರಮ. ರಿಜಿಸ್ಟರ್‌ನಲ್ಲಿ ಹೆಸರು ಬರುತ್ತದೆ, ಕೆಲವು ಕೆಲಸಗಳಿಗೆ ತೊಡಕಾಗಬಹುದು. ಹಾಗಾಗಿ ಕೇಳಿ ತಿಳಿದು ಒಪ್ಪಿ.

ಸ್ಕಾಟ್ಲೆಂಡ್‌ನಲ್ಲಿ ಇದ್ದೀರಾ? ಹಾಗಾದರೆ ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಬಗ್ಗೆ ಕೇಳದೆ ಫೋನ್ ಇಡಬೇಡಿ. ಅದು ಸರ್ಕಾರದ ಯೋಜನೆ. ಒಪ್ಪಿಗೆ ಸಿಕ್ಕರೆ ಬಡ್ಡಿ ನಿಲ್ಲುವುದು ಕಾನೂನಿನ ಬಲದಿಂದ.

ವೀಸಾದ ಮೇಲೆ ಇರುವವರ ಒಂದು ಭಯಕ್ಕೂ ಇಲ್ಲೇ ಉತ್ತರ ಹೇಳುತ್ತೇನೆ. ಡಿಎಂಪಿ ಆಗಲಿ, ಸಾಲದ ಸಲಹೆ ಆಗಲಿ ಸರ್ಕಾರದ ಭತ್ಯೆಯಲ್ಲ. "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಎಂದು ವೀಸಾದಲ್ಲಿ ಬರೆದಿದ್ದರೂ ಇವುಗಳ ಸಹಾಯ ಪಡೆಯಬಹುದು.

ಹೆಜ್ಜೆ 5: ತಾರೀಕು ಹೊಂದಿಸುವುದು

ಎಲ್ಲದಕ್ಕಿಂತ ಸೂಕ್ಷ್ಮವಾದ ಭಾಗ ಇದು. ಹೊಸ ಪ್ಲ್ಯಾನ್ ತಯಾರಾಗಿದೆ, ಮೊದಲ ಕಂತು ಇಂಥ ದಿನ ಅಂತ ಲಿಖಿತವಾಗಿ ಬರುವವರೆಗೆ ಹಳೆಯದಕ್ಕೆ ಕಟ್ಟುತ್ತಿರಿ. ಬಂದ ಮೇಲೆ ಕ್ಯಾಲೆಂಡರ್ ತೆಗೆದು ಮೂರು ದಿನ ಗುರುತು ಹಾಕಿ: ಹಳೆಯ ಕಂಪನಿಗೆ ಕೊನೆಯ ಕಂತು ಹೋಗುವ ದಿನ, ಅವರು ಅದನ್ನು ಹಂಚುವ ದಿನ, ಹೊಸ ಸಂಸ್ಥೆಗೆ ಮೊದಲ ಕಂತು ಹೋಗುವ ದಿನ.

ತಮ್ಮನ ಹಳೆಯ ಕಂತು ಪ್ರತಿ ತಿಂಗಳ 1ನೇ ತಾರೀಕಿಗೆ ಹೋಗುತ್ತಿತ್ತು. ಹೊಸ ಸಂಸ್ಥೆಗೆ 28ಕ್ಕೆ, ಸಂಬಳ ಬಂದ ಮಾರನೇ ದಿನಕ್ಕೆ ಹಾಕಿಸಿಕೊಂಡ. ಆ ತಿಂಗಳು 1ಕ್ಕೆ ಹಳೆಯ ಕಂಪನಿಗೆ ಕೊನೆಯ ಸಲ ಕಟ್ಟಿದ. ಅದು ಎಲ್ಲರಿಗೂ ಹಂಚಿಕೆಯಾಗಿದೆ ಅಂತ 10ನೇ ತಾರೀಕು ಬ್ಯಾಂಕುಗಳಿಗೇ ಫೋನ್ ಮಾಡಿ ಕೇಳಿಕೊಂಡ. ಆಮೇಲೆ ರದ್ದು ಪತ್ರ ಕಳಿಸಿದ. ಹೀಗೆ ಮಾಡಿದ್ದರಿಂದ ಒಂದು ತಿಂಗಳೂ ಖಾಲಿ ಬೀಳಲಿಲ್ಲ, ಎರಡು ಕಡೆ ಕಟ್ಟಬೇಕಾಗಿಯೂ ಬರಲಿಲ್ಲ.

ನಡುವೆ ಕೆಲವು ದಿನ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಸಾಲ ಕೊಟ್ಟವರಿಗೆ ಮುಂಚೆಯೇ ತಿಳಿಸಿ. ಹೇಳದೆ ಕಂತು ನಿಂತರೆ, ನಿಲ್ಲಿಸಿದ್ದ ಬಡ್ಡಿಯನ್ನು ಮತ್ತೆ ಶುರು ಮಾಡುವ ಅಧಿಕಾರ ಅವರಿಗಿದೆ. ಕೋರ್ಟು, ಬೇಲಿಫ್ ಅಂತ ಒತ್ತಡ ಬಂದಿದ್ದರೆ ಬ್ರೀದಿಂಗ್ ಸ್ಪೇಸ್ ಬಗ್ಗೆ ಸಲಹೆಗಾರರನ್ನು ಕೇಳಿ. 2021ರ ಮೇ 4ರಂದು ಇಂಗ್ಲೆಂಡ್, ವೇಲ್ಸ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 60 ದಿನ ಹೆಚ್ಚಿನ ಸಾಲಗಳ ಬಡ್ಡಿ, ದಂಡ, ವಸೂಲಿ ಎಲ್ಲ ನಿಲ್ಲುತ್ತದೆ. 12 ತಿಂಗಳಿಗೆ ಒಂದೇ ಸಲ ಸಿಗುವುದರಿಂದ ನಿಜವಾಗಿ ಬೇಕಾದಾಗ ಮಾತ್ರ ಬಳಸಿ.

ಹೆಜ್ಜೆ 6: ರದ್ದು ಪತ್ರ, ಆಮೇಲೆ ಬರುವ ಫೋನ್

ಫೋನಿನಲ್ಲಿ ರದ್ದು ಮಾಡಬೇಡಿ. ಇಮೇಲ್ ಬರೆಯಿರಿ, ನಾಲ್ಕೈದು ವಾಕ್ಯ ಸಾಕು. ನಿಮ್ಮ ರೆಫರೆನ್ಸ್ ನಂಬರ್. ಇಂಥ ದಿನದಿಂದ ಪ್ಲ್ಯಾನ್ ರದ್ದು ಮಾಡುತ್ತಿದ್ದೇನೆ ಎಂಬ ಮಾತು. ನನ್ನ ಪರವಾಗಿ ಸಾಲ ಕೊಟ್ಟವರ ಜೊತೆ ಮಾತಾಡಲು ಕೊಟ್ಟ ಅನುಮತಿ ವಾಪಸ್ ಪಡೆದಿದ್ದೇನೆ ಎಂಬ ಮಾತು. ಹಂಚದೆ ನಿಮ್ಮ ಹತ್ತಿರ ಉಳಿದ ನನ್ನ ದುಡ್ಡನ್ನು ಇಂಥ ಖಾತೆಗೆ ಹಾಕಿ. ಶುರುವಿನಿಂದ ಇವತ್ತಿನವರೆಗೆ ಬಂದದ್ದು, ಹಂಚಿದ್ದು, ಫೀಸು ಮೂರನ್ನೂ ತೋರಿಸುವ ಪೂರ್ತಿ ಸ್ಟೇಟ್‌ಮೆಂಟ್ ಕಳಿಸಿ. ಅಷ್ಟೇ. ಕಾರಣ ಬರೆಯುವ ಅಗತ್ಯ ಇಲ್ಲ.

ಅದೇ ದಿನ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಅಥವಾ ಡೈರೆಕ್ಟ್ ಡೆಬಿಟ್ ನೀವೇ ತೆಗೆಯಿರಿ, ಅವರು ತೆಗೆಯಲಿ ಅಂತ ಕಾಯಬೇಡಿ. ಡೆಬಿಟ್ ಕಾರ್ಡಿನ ನಂಬರ್ ಕೊಟ್ಟು ತಿಂಗಳು ತಿಂಗಳು ಕಟ್ಟುತ್ತಿದ್ದರೆ ಅದು ಆ್ಯಪ್‌ನ ಆ ಪಟ್ಟಿಯಲ್ಲಿ ಕಾಣದಿರಬಹುದು. ಆಗ ಬ್ಯಾಂಕಿಗೆ ಫೋನ್ ಮಾಡಿ ನಿಲ್ಲಿಸಿ ಎನ್ನಿ. ನೀವು ಹೇಳಿದರೆ ಬ್ಯಾಂಕ್ ನಿಲ್ಲಿಸಲೇಬೇಕು.

ಪತ್ರ ಹೋದ ಮೇಲೆ ಕಂಪನಿಯಿಂದ ಫೋನ್ ಬರಬಹುದು. ತಮ್ಮನಿಗೆ ಎರಡೇ ಗಂಟೆಯಲ್ಲಿ ಬಂತು. ನಾನು ಪಕ್ಕದಲ್ಲೇ ಕೂತಿದ್ದೆ. ಹುಡುಗಿ ತುಂಬಾ ಪ್ರೀತಿಯಿಂದಲೇ ಮಾತಾಡಿದಳು. "ನಾವು ಇರೋದರಿಂದಲೇ ನಿಮ್ಮ ಬಡ್ಡಿ ನಿಂತಿದೆ, ಬಿಟ್ಟರೆ ಮತ್ತೆ ಶುರುವಾಗುತ್ತೆ" ಎಂದಳು. ಇದು ಅರ್ಧ ಸತ್ಯ. ಬಡ್ಡಿ ನಿಲ್ಲಿಸುವ ತೀರ್ಮಾನ ಸಾಲ ಕೊಟ್ಟವರದು. ನೀವು ನಿಯಮಿತವಾಗಿ ಕಟ್ಟುತ್ತಿದ್ದೀರಿ ಅನ್ನುವುದನ್ನು ಅವರು ನೋಡುತ್ತಾರೆ. ಉಚಿತ ಸಂಸ್ಥೆಯೂ ಅದನ್ನೇ ಅವರಿಂದ ಕೇಳುತ್ತದೆ. ಆಮೇಲೆ "ದತ್ತಿ ಸಂಸ್ಥೆಗೆ ಬ್ಯಾಂಕೇ ದುಡ್ಡು ಕೊಡೋದು, ಅವರು ಬ್ಯಾಂಕಿನ ಕಡೆಯವರು" ಎಂದಳು. ಇದು ಸರಿಯಲ್ಲ. ಉಚಿತ ಸಂಸ್ಥೆಗಳಿಗೂ ಎಫ್‌ಸಿಎ, ಅಂದರೆ ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆಯ ನಿಯಮಗಳೇ ಅನ್ವಯ. ನಿಮಗೆ ಒಳ್ಳೆಯದಾದ ದಾರಿಯನ್ನೇ ಅವರು ಹೇಳಬೇಕು, ಸಾಲ ಮನ್ನಾ ಆಗುವ ದಾರಿಯಾದರೂ ಸರಿ.

ಉತ್ತರ ಕೊಡುವ ಜವಾಬ್ದಾರಿ ನಿಮಗಿಲ್ಲ. ತಮ್ಮ ಒಂದೇ ಮಾತು ಹೇಳಿದ: "ಥ್ಯಾಂಕ್ಸ್, ನಾನು ತೀರ್ಮಾನ ಮಾಡಿ ಆಗಿದೆ, ಏನಿದ್ದರೂ ಇಮೇಲ್‌ನಲ್ಲಿ ಬರೀರಿ." ಫೋನ್ ಇಟ್ಟ ಮೇಲೆ ಅವನ ಕೈ ನಡುಗುತ್ತಿತ್ತು. ಕಾಫಿ ಮಾಡಿಕೊಟ್ಟೆ.

ರದ್ದು ಮಾಡಲು ಶುಲ್ಕ ಇದೆ ಅಂದರೆ, ಒಪ್ಪಂದದ ಯಾವ ಕಲಮಿನಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಸೇರಿ ಇನ್ನೂ 14 ದಿನ ಆಗಿಲ್ಲದಿದ್ದರೆ ಅದನ್ನೂ ಪತ್ರದಲ್ಲಿ ಹೇಳಿ, ಸಾಮಾನ್ಯವಾಗಿ ಆ ಅವಧಿಯಲ್ಲಿ ಹಿಂದೆ ಸರಿಯುವ ಹಕ್ಕಿರುತ್ತದೆ.

ಹೆಜ್ಜೆ 7: ಸಾಲ ಕೊಟ್ಟವರಿಗೆ ಹೇಳುವುದು, ಸಂಬಳದ ಖಾತೆ ಕಾಯುವುದು

ಎಲ್ಲರಿಗೂ ಒಂದು ಸಣ್ಣ ಪತ್ರ ಕಳಿಸಿ. ಹಳೆಯ ಕಂಪನಿ ಇನ್ನು ನನ್ನ ಪರವಾಗಿ ಇಲ್ಲ, ಹೊಸ ಸಂಸ್ಥೆ ಇದು, ರೆಫರೆನ್ಸ್ ನಂಬರ್ ಇದು, ಮೊದಲ ಕಂತು ಈ ದಿನ, ಬಡ್ಡಿ ನಿಲ್ಲಿಸಿರುವುದನ್ನು ಮುಂದುವರಿಸಿ. ಹೊಸ ಸಂಸ್ಥೆಯೂ ಬರೆಯುತ್ತದೆ, ಆದರೂ ನೀವು ಬರೆದಿದ್ದು ಫೈಲಿನಲ್ಲಿರಲಿ.

ನಿಮ್ಮ ಸಂಬಳ ಬೀಳುವ ಬ್ಯಾಂಕಿಗೇ ಸಾಲ ಇದ್ದರೆ, ಸಾಲವೇ ಇಲ್ಲದ ಬೇರೆ ಬ್ಯಾಂಕಿನಲ್ಲಿ ಒಂದು ಬೇಸಿಕ್ ಅಕೌಂಟ್ ತೆರೆದು ಸಂಬಳವನ್ನು ಅಲ್ಲಿಗೆ ಹಾಕಿಸಿಕೊಳ್ಳಿ. ಖಾತೆಯಲ್ಲಿರುವ ನಿಮ್ಮ ದುಡ್ಡನ್ನು ತನ್ನ ಸಾಲಕ್ಕೆ ಹಿಡಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಓವರ್‌ಡ್ರಾಫ್ಟ್ ಇರುವವರು ಇದನ್ನು ಮುಂಚೆಯೇ ಮಾಡಬೇಕು.

ಕ್ರೆಡಿಟ್ ಫೈಲ್ ಇನ್ನೂ ಹಾಳಾಗುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪ್ಲ್ಯಾನ್ ಹೋದದ್ದಕ್ಕೇ ಹೊಸ ಕಪ್ಪು ಗುರುತು ಬೀಳುವುದಿಲ್ಲ. ಈಗಾಗಲೇ ಇರುವ ಡಿಫಾಲ್ಟ್ (ಕಂತು ತಪ್ಪಿದ್ದಕ್ಕೆ ಬಿದ್ದ ಗುರುತು), ಬಿದ್ದ ದಿನದಿಂದ 6 ವರ್ಷಕ್ಕೆ ಅಳಿಯುತ್ತದೆ.

ಹೆಜ್ಜೆ 8: ಹಳೆಯ ಕಂಪನಿ ಸರಿಯಾಗಿ ನಡೆದುಕೊಂಡಿತ್ತೇ?

ಪೂರ್ತಿ ಸ್ಟೇಟ್‌ಮೆಂಟ್ ಬಂದ ಮೇಲೆ ಒಂದು ಸಂಜೆ ಕೂತು ನೋಡಿ. 2014ರ ಏಪ್ರಿಲ್‌ನಿಂದ ಈ ಕಂಪನಿಗಳು ಎಫ್‌ಸಿಎ ಅಡಿಯಲ್ಲಿ ಬಂದಿವೆ. ಮರುವರ್ಷ ಅದು ತಪಾಸಣೆ ಮಾಡಿದಾಗ ಫೀಸಿನ ಕಂಪನಿಗಳ ಸಲಹೆ ಬಹಳ ಕಳಪೆ ಎಂದು ಹೇಳಿತ್ತು. ನಿಯಮಗಳು ಈಗ ಬಿಗಿಯಾಗಿವೆ. ಉಚಿತ ಸಲಹೆ ಸಿಗುತ್ತದೆ ಎಂದು ಕಂಪನಿ ಮೊದಲ ಸಂಪರ್ಕದಲ್ಲೇ ನಿಮಗೆ ಹೇಳಬೇಕು. ಮೊದಲ ತಿಂಗಳಿಂದಲೇ ನೀವು ಕಟ್ಟಿದ್ದರಲ್ಲಿ ಕನಿಷ್ಠ ಅರ್ಧ ಸಾಲ ಕೊಟ್ಟವರಿಗೆ ಹೋಗಬೇಕು ಅನ್ನುವುದು ಎಫ್‌ಸಿಎ ನಿರೀಕ್ಷೆ. ತಮ್ಮನ ವಿಷಯದಲ್ಲಿ ಎರಡನೆಯದು ಗೆರೆಯ ಮೇಲೇ ನಿಂತಿತ್ತು. ಮೊದಲನೆಯದನ್ನು ಹೇಳಿದ ನೆನಪು ಅವನಿಗಿರಲಿಲ್ಲ. ಹುಡುಕಿದಾಗ ಒಪ್ಪಂದದ ಮೊದಲ ಪುಟದಲ್ಲೇ ಇತ್ತು. ಹಾಗಾಗಿ ದೂರು ಕೊಡಲಿಲ್ಲ, ಉಳಿದಿದ್ದ ದುಡ್ಡನ್ನು ಮಾತ್ರ ಕೇಳಿ ಪಡೆದ.

ನಿಮ್ಮದರಲ್ಲಿ ತಪ್ಪು ಕಂಡರೆ, ಅಥವಾ ದುಡ್ಡು ವಾಪಸ್ ಬರದಿದ್ದರೆ, ಮೊದಲು ಕಂಪನಿಗೇ ದೂರು ಬರೆಯಿರಿ. "ಇದು ದೂರು" ಎನ್ನುವ ಪದ ಅದರಲ್ಲಿ ಇರಲಿ. ಅವರಿಗೆ 8 ವಾರ ಸಮಯ. ಉತ್ತರ ಸರಿ ಇಲ್ಲದಿದ್ದರೆ, ಅಥವಾ ಬರದೇ ಇದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್‌ಗೆ ಹೋಗಿ: 0800 023 4567. ಅದಕ್ಕೂ ದುಡ್ಡಿಲ್ಲ, ವಕೀಲರೂ ಬೇಡ. ಕಂಪನಿಯ ಕೊನೆಯ ಉತ್ತರ ಬಂದ ದಿನದಿಂದ 6 ತಿಂಗಳೊಳಗೆ ಹೋಗಬೇಕು. ಆ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಿ. ಕಂಪನಿ ಎಫ್‌ಸಿಎ ರಿಜಿಸ್ಟರ್‌ನಲ್ಲೇ ಇಲ್ಲ ಅಂತ ಕಂಡುಬಂದರೆ ತಡ ಮಾಡದೆ ಎಫ್‌ಸಿಎಗೆ ಹೇಳಿ: 0800 111 6768.

ಮೊದಲ ಮೂರು ತಿಂಗಳು

ಪ್ರತಿ ಕಂತಿನ ನಂತರ, ಎರಡು ವಾರ ಬಿಟ್ಟು, ಎಲ್ಲ ಖಾತೆಗೂ ದುಡ್ಡು ಸೇರಿದೆಯಾ ಅಂತ ನೋಡಿ. ಶುರುವಿನಲ್ಲಿ ಒಂದಿಬ್ಬರು ಸಾಲ ಕೊಟ್ಟವರು ಹಳೆಯ ಕಂಪನಿಯ ಹೆಸರನ್ನೇ ಹಿಡಿದುಕೊಂಡು ಎಚ್ಚರಿಕೆ ಪತ್ರ ಕಳಿಸಬಹುದು. ತಮ್ಮನಿಗೆ ಎರಡು ಬಂದವು. ಈ ಸಲ ಫ್ರಿಜ್ ಮೇಲೆ ಇಡಲಿಲ್ಲ. ಅವತ್ತೇ ಒಡೆದು, ಫೋಟೊ ತೆಗೆದು ಹೊಸ ಸಂಸ್ಥೆಗೆ ಕಳಿಸಿದ. ಅವರು ರೆಫರೆನ್ಸ್ ನಂಬರ್ ಸರಿಪಡಿಸಿದರು.

ವರ್ಷಕ್ಕೊಮ್ಮೆ ಸಂಸ್ಥೆಯವರು ನಿಮ್ಮ ಲೆಕ್ಕವನ್ನು ಮತ್ತೆ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡದಿದ್ದರೆ ಪ್ಲ್ಯಾನ್ ನಿಲ್ಲಬಹುದು. ಬಾಡಿಗೆ ಏರಿದ್ದರೆ, ಮಗು ಹುಟ್ಟಿದ್ದರೆ, ಕೆಲಸದ ಗಂಟೆ ಕಮ್ಮಿಯಾಗಿದ್ದರೆ ವರ್ಷ ತುಂಬುವವರೆಗೂ ಕಾಯಬೇಡಿ, ಆ ವಾರವೇ ಫೋನ್ ಮಾಡಿ ಕಂತು ಇಳಿಸಿಕೊಳ್ಳಿ. ಸಂಬಳ ಏರಿದರೆ ಕಂತು ಏರಿಸಿ. ತಮ್ಮ ಈ ಏಪ್ರಿಲ್‌ನಿಂದ 230 ಕಟ್ಟುತ್ತಿದ್ದಾನೆ. ಸ್ಟೇಟ್‌ಮೆಂಟ್ ಬಂದ ದಿನ ಎರಡೂ ಕಾಲಂ ಫೋಟೊ ತೆಗೆದು ನನಗೆ ಕಳಿಸುತ್ತಾನೆ. ಈ ಕಡೆ 230, ಆ ಕಡೆಯೂ 230.